ಬೆಳಗಾವಿಯಲ್ಲಿ ಇಳಿಯಲಾಗದಿದ್ದರೆ

ಕಳೆದ ಮಳೆಗಾಲದಲ್ಲಿ ಲೋಣಾವಳಾದ ಒಂದು ಹೋಟೆಲಿನಲ್ಲಿ ಸಿಕ್ಕಿಬಿದ್ದಿದ್ದೆ. ಘಾಟಿನಲ್ಲಿ ಮಣ್ಣು ಕುಸಿದು ರೈಲು ನಿಂತಿತ್ತು. ಮುಂಬೈಗೆ ಹೋಗಿ ಊಟ ಮಾಡಬೇಕಾಗಿದ್ದ ಮದುವೆ ನನ್ನನ್ನು ಬಿಟ್ಟು ನಡೆದುಹೋಗಿತ್ತು. ನೆನೆದ ಕಾಲುಚೀಲಗಳನ್ನು ಒಣಗಿಸಲು ಬೇರೆ ಜಾಗ ಕಾಣದೆ ಟೀವಿಯ ಕೆಳಗಿನ ಬಿಸಿ ಕೇಬಲ್ ಡಬ್ಬಿಯ ಮೇಲೆ ಹರಡಿದೆ. ಸ್ವಲ್ಪ ಹೊತ್ತಿಗೆ ಒದ್ದೆ ನೂಲು, ಕಾದ ಪ್ಲಾಸ್ಟಿಕ್ಕು, ಒಂದಿಷ್ಟು ಸುಟ್ಟ ಧೂಳು ಎಲ್ಲ ಸೇರಿದ ವಾಸನೆ ಕೋಣೆಯಲ್ಲಿ ತುಂಬಿತು. ನನಗೆ ಥಟ್ಟನೆ ಸಿಟ್ಟು ಬಂತು. ಯಾರ ಮೇಲೆ, ಯಾಕೆ ಎಂದು ತಿಳಿಯುವ ಮೊದಲೇ ಸಿಟ್ಟು ಬಂದಿತ್ತು. ಕಾರಣ ಆಮೇಲೆ ನೆನಪಾಯಿತು.

ಅದು ಪುಣೆಯ ಖಡಕಿಯಲ್ಲಿದ್ದ ನಮ್ಮ ಕ್ವಾರ್ಟರ್ಸಿನ ವಾಸನೆ. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷವಾಗಿದ್ದಿರಬೇಕು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿದ್ದ ವಸ್ತು ಎಂದರೆ ನನ್ನ ಕಂಪ್ಯೂಟರಿನ ಮಾನಿಟರ್ ಒಂದೇ. ಆ ದಪ್ಪ ಬೆನ್ನಿನ ಮಾನಿಟರಿನ ಮೇಲೆ ಅವ್ವ ಮನೆಮಂದಿಯ ಕಾಲುಚೀಲ, ಅಪ್ಪನ ಬನಿಯನ್ನು, ಒಮ್ಮೊಮ್ಮೆ ಹಪ್ಪಳವನ್ನೂ ಹರಡುತ್ತಿದ್ದಳು. ನಾನು ಶಿವಾಜಿನಗರದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗು, ಆಫೀಸಿನ ಕೆಲಸ ಕಲಿಸುತ್ತಿದ್ದೆ. ವಿಜಾಪುರದ ಕಡೆಯಿಂದ ಬಂದ ಅಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತ. ತಂಗಿ ನಂದಾ ಆಗತಾನೇ ಬಿ.ಎಸ್ಸಿ. ಮುಗಿಸಿದ್ದಳು. ಪಾಠದ ಕೆಲಸಕ್ಕೆಂದು ನಾನು ತಂದ ಯಂತ್ರದಲ್ಲಿ ಅವಳು ವಿಮಾನ ಹಾರಿಸುವ ಸಿಮ್ಯುಲೇಟರ್ ಹಾಕಿಕೊಂಡು, ಎರಡು ವರ್ಷದಿಂದ ನನಗೆ ಕುರ್ಚಿಯೇ ಬಿಟ್ಟುಕೊಟ್ಟಿರಲಿಲ್ಲ.

ಆಟವೆಂದು ನಾವೆಲ್ಲ ಸುಮ್ಮನಿದ್ದೆವು. ಆ ಜೂನ್ ತಿಂಗಳಲ್ಲಿ ಅವಳು ಫ್ಲೈಯಿಂಗ್ ಸ್ಕೂಲಿನ ಅರ್ಜಿಯೊಂದನ್ನು ತಂದು ಅಪ್ಪನ ಮುಂದಿಟ್ಟಳು. ತಂದೆಯೋ ತಾಯಿಯೋ ಒಪ್ಪಿ ಸಹಿ ಹಾಕಬೇಕಿತ್ತು. ಅಪ್ಪ ಆಗಲೇ ಅವಳಿಗೆ ಬಿ.ಎಡ್. ಸೀಟು ಗೊತ್ತು ಮಾಡಿಕೊಂಡು ಬಂದಿದ್ದ. ಅವನು ಕೂಗಾಡಲಿಲ್ಲ. ಸ್ಟೋರಿನ ಕಿಟಕಿಯಲ್ಲಿ ಕೂತವನ ದನಿಯಲ್ಲಿ ಮಾತಾಡಿದ.

"ಹಾರತೀನಿ ಅಂತೀದಿ. ಸರಿ. ಆ ಪೆಟಗಿಯೊಳಗ ಹಾರಿ ತೋರಿಸು. ಪುಣೆದಿಂದ ಬೆಳಗಾವಿ. ಆದ್ರ ಮೊದಲ ಬರದು ಕೊಡಬೇಕು. ಎಷ್ಟೊತ್ತಿಗೆ ಹೊಂಡತೀದಿ, ಯಾವ ದಾರಿ, ಎಷ್ಟ ಎಣ್ಣಿ, ಎಷ್ಟೊತ್ತಿಗೆ ಮುಟ್ಟತೀದಿ. ಬರದಷ್ಟೇ ಎಣ್ಣಿ. ಬರದಂಗ ಇಳದ್ರ ಸಹಿ ಮಾಡತೀನಿ."

"ಹೊರಗ ಖರೇ ಏನ್ ಮಳಿ ಇರ್ತದೋ ಅದ ಮಳ್ಯಾಗ ಹಾರತೀನ್ರಿ ಅಪ್ಪಾ," ಎಂದಳು ನಂದಾ, ಯಾರೂ ಕೇಳದೆಯೇ. ಸಿಮ್ಯುಲೇಟರಿಗೆ ಇಂಟರ್ನೆಟ್ಟಿನಿಂದ ಆ ಹೊತ್ತಿನ ಹವಾಮಾನ ಇಳಿಸಿಕೊಳ್ಳುವ ಸೌಲಭ್ಯವಿತ್ತು. ಅದನ್ನು ತೋರಿಸಿ ಮೆರೆಯುವ ಆಸೆ ಅವಳಿಗೆ.

"ಭಾಳ ಛಲೋ ಆತು. ಹಂಗ ಆಗಲಿ," ಎಂದ ಅಪ್ಪ.

"ಇಳೀಲಿಲ್ಲಂದ್ರ?" ನಾನು ಕೇಳಿದೆ.

"ಇಳೀಲಿಲ್ಲಂದ್ರ ಬಿ.ಎಡ್. ಎರಡನೇ ಇಂಡೆಂಟ್ ಇಲ್ಲ."

ಕಾರ್ಖಾನೆಯಲ್ಲಿ ಸಾಮಾನು ಬೇಕೆಂದು ಮೊದಲೇ ಬರೆದುಕೊಡುವ ಚೀಟಿಗೆ ಇಂಡೆಂಟ್ ಎನ್ನುತ್ತಾರೆ. ಚೀಟಿಯಿಲ್ಲದೆ ಅಪ್ಪ ಒಂದು ಮೊಳೆಯನ್ನೂ ಕೊಟ್ಟವನಲ್ಲ. ಒಂದು ಕೆಲಸಕ್ಕೆ ಎರಡು ಚೀಟಿ ತಂದವರನ್ನು ಅವನು ನೋಡುತ್ತಿದ್ದ ರೀತಿ ನಮಗೆಲ್ಲ ಗೊತ್ತಿತ್ತು.

ಹೀಗೆ ನಮ್ಮ ಮನೆಗೆ ಹಾರಾಟದ ಯೋಜನೆ ಮಾಡುವ ಸಾಫ್ಟ್‌ವೇರ್ ಬೇಕಾಯಿತು. ಕಂಪ್ಯೂಟರಿನ ಮಗಳು ನಾನೇ ತಾನೇ? ಹುಡುಕುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ದಾರಿ ಹಾಕುವುದು, ದೂರ ಅಳೆಯುವುದು, ಗಾಳಿ ಕಳೆದು ವೇಳೆ ಕೂಡಿಸುವುದು, ಇಂಧನ ಲೆಕ್ಕ ಮಾಡುವುದು, ಇವಿಷ್ಟೇ ಅದರ ಕೆಲಸ. ಇಷ್ಟನ್ನು ನೆಟ್ಟಗೆ ಮಾಡುವುದೊಂದು ಜಗತ್ತಿನಲ್ಲಿ ಇರಲೇಬೇಕು ಎಂದುಕೊಂಡಿದ್ದೆ.

ಮೊದಲನೆಯದು ಒಂದು ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಲ್ಲಿ ಸಿಕ್ಕಿತು. ಅದಕ್ಕೆ ಅಮೆರಿಕದ ಹುಲ್ಲುಗಾವಲಿನ ನಿಲ್ದಾಣಗಳೆಲ್ಲ ಹೆಸರು ಹಿಡಿದು ಗೊತ್ತಿದ್ದವು. ಭಾರತದಲ್ಲಿ ಮುಂಬೈ, ದೆಹಲಿ, ಮದ್ರಾಸು, ಕಲಕತ್ತೆ ಬಿಟ್ಟರೆ ಉಳಿದದ್ದೆಲ್ಲ ಬಯಲು. ಪುಣೆಯನ್ನು ನಾನೇ ಅಕ್ಷಾಂಶ ರೇಖಾಂಶ ನೋಡಿ ಕೈಯಾರೆ ತುಂಬಿಸಿದೆ. ಪೂರ್ವವೋ ಪಶ್ಚಿಮವೋ ಎಂದು ಒಂದು ಮಾತು ಕೇಳಬಾರದೆ? ಕೇಳಲಿಲ್ಲ. ತಾನೇ ಪಶ್ಚಿಮ ಎಂದುಕೊಂಡು ನಮ್ಮ ಪುಣೆಯನ್ನು ಎತ್ತಿ ವೆಸ್ಟ್ ಇಂಡೀಸಿನ ಒಂದು ದ್ವೀಪದ ಮೇಲೆ ಇಟ್ಟಿತು. "ಅಕ್ಕಾ, ಹೆಂಗೂ ಬಂದೀವಿ, ಒಂದು ಮ್ಯಾಚ್ ನೋಡ್ಕೊಂಡು ಹೋಗೋಣು," ಎಂದು ನಂದಾ ನಕ್ಕಳು. ನನಗೆ ನಗು ಬರಲಿಲ್ಲ. ಅದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು ಗೋಳು ಎದುರಾಯಿತು. ಆ ಸಾಫ್ಟ್‌ವೇರಿಗೆ ಗಂಟೆಯ ವ್ಯತ್ಯಾಸ ಎಂದರೆ ಇಡೀ ಗಂಟೆ. ಗ್ರೀನಿಚ್ ವೇಳೆಗಿಂತ ಐದೂವರೆ ಗಂಟೆ ಮುಂದಿರುವ ನಮ್ಮ ದೇಶದ ಆ ಅರ್ಧ ಗಂಟೆ ಅದರ ಗಂಟಲಲ್ಲಿ ಇಳಿಯಲಿಲ್ಲ. ಐದು ಹಾಕಿದರೂ ತಪ್ಪು, ಆರು ಹಾಕಿದರೂ ತಪ್ಪು. ನೂರು ಕೋಟಿ ಜನರನ್ನು ಅರ್ಧ ಗಂಟೆ ಕಾಯಿಸಿದ ಆ ಪುಣ್ಯಾತ್ಮರನ್ನು ಬೈದು ಸೀಡಿ ಹೊರಗೆ ತೆಗೆದೆ.

ಎರಡನೆಯದನ್ನು ಬಜಾರಿನ ಸೈಬರ್ ಕೆಫೆಯಿಂದ ಇಳಿಸಿಕೊಂಡು ಬರಬೇಕಿತ್ತು. ಮುಕ್ಕಾಲು ಭಾಗ ಇಳಿಯುತ್ತಲೇ ಮಳೆಗೆ ಟೆಲಿಫೋನ್ ತಂತಿ ಕೈಕೊಡುತ್ತಿತ್ತು. ಕೆಫೆಯವನು ಪತ್ರಿಕೆಯಿಂದ ಕಣ್ಣೆತ್ತದೆ, "ಮ್ಯಾಡಮ್, ಲೈನ್ ಗೇಲೀ. ಉದ್ಯಾ ಯಾ," ಎನ್ನುತ್ತಿದ್ದ. ನಾಳೆ ಬನ್ನಿ ಎಂದು ಅವನು ಅಷ್ಟು ಶಾಂತವಾಗಿ ಹೇಳುವುದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ದಿನ ಪೂರ್ತಿ ಇಳಿಯಿತು. ತುಂಡು ತುಂಡಾಗಿ ಫ್ಲಾಪಿಗಳಿಗೆ ತುಂಬಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆಯನ್ನು ನನಗಲ್ಲ ಫ್ಲಾಪಿಗೆ ಹಿಡಿದು ಮನೆಗೆ ಬಂದೆ. ಒಂದು ಫ್ಲಾಪಿ ಓದಲಿಲ್ಲ. ಮತ್ತೆ ಹೋದೆ. ಮತ್ತೆ ಉದ್ಯಾ ಯಾ.

ಹೇಳಬೇಕಾದ ಮಾತು ಹೇಳುತ್ತೇನೆ, ಆ ಎರಡನೆಯದು ಒಳ್ಳೆಯದಿತ್ತು. ಅದಕ್ಕೆ ಪುಣೆ ಗೊತ್ತಿತ್ತು, ಬೆಳಗಾವಿ ಗೊತ್ತಿತ್ತು. ನಂದಾ ಕೂತು ಸಾತಾರಾ, ಕರಾಡ, ಕೊಲ್ಹಾಪುರದ ಮೇಲಿಂದ ಚಂದಾಗಿ ದಾರಿ ಎಳೆದಳು. ಕೊನೆಯ ಪುಟದಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು. ಮುಂದಕ್ಕೆ ಒತ್ತಿದರೆ ಅದು ಕೆಂಪಗಾಗಿ, ತುಂಬಿಸದೆ ಬಿಡುವುದಿಲ್ಲ ಎಂದು ಕೂತಿತು. ಅದೇ ಹೊತ್ತಿಗೆ ಅವ್ವ ಕಾಲುಚೀಲ ತಿರುವಿಹಾಕಲು ಬಂದಳು.

"ಏನಂತದು, ಕೆಂಪಗಾಗಿ?"

"ಬೆಳಗಾವ್ಯಾಗ ಇಳಿಯಾಕ ಆಗಲಿಲ್ಲಂದ್ರ ಬ್ಯಾರೆ ಯಾವ ಊರಿಗೆ ಹೋಗ್ತೀ ಅಂತ ಕೇಳಾಕತ್ತದವ್ವಾ," ಎಂದಳು ನಂದಾ. "ಹುಬ್ಬಳ್ಳಿ ಅಂತ ಬರೀತೀನಿ."

ಅವ್ವ ಕಾಲುಚೀಲ ಕೈಯಲ್ಲಿ ಹಿಡಿದೇ ನಿಂತಳು. "ಹೊಂಡೋದಕ್ಕ ಮೊದಲ? ಇನ್ನಾ ಹೊಸ್ತಿಲಾ ದಾಟಿಲ್ಲ, ಆಗಲೇ ಆಗಂಗಿಲ್ಲ ಅಂತ ಬರದಿಡತಾರೇನು?"

ನಮ್ಮ ಮನೆಯಲ್ಲಿ ಹೊರಡುವವರು ಹೋಗ್ತೀನಿ ಅನ್ನುವಂತಿಲ್ಲ, ಬರ್ತೀನಿ ಅನ್ನಬೇಕು. ಎಲ್ಲಿಗೆ ಎಂದು ಹಿಂದಿನಿಂದ ಕೇಳುವಂತಿಲ್ಲ. ಯಾರಾದರೂ ಸೀನಿದರೆ ಕೂತು ನೀರು ಕುಡಿದೇ ಏಳಬೇಕು. ಹೊರಡುವ ಮೊದಲೇ ಮುಟ್ಟದಿರುವ ಮಾತನ್ನು ಕಾಗದದ ಮೇಲೆ ಬರೆದಿಡುವುದೆಂದರೆ ಅವ್ವನ ಮಟ್ಟಿಗೆ ತಾನೇ ಕೇಡನ್ನು ಕರೆದು ಮಣೆ ಹಾಕಿದ ಹಾಗೆ. ಅದೂ ಮಗಳ ಬಾಳಿನ ಮಾತು ನಿಂತಿರುವ ಕಾಗದದಲ್ಲಿ.

"ಅವ್ವಾ, ಅದು ಪೆಟಗಿಯೊಳಗಿನ ವಿಮಾನ," ಎಂದೆ ನಾನು.

"ಪೆಟಗಿಯೊಳಗಿನದಾದ್ರ ನಿಮ್ಮಪ್ಪನ ಸಹಿನೂ ಪೆಟಗಿಯೊಳಗಿನದೇನು?"

ಎರಡು ವಾರ ಇದೇ ಜಗಳ. ಖಾನೆಯಲ್ಲಿ ಬೆಳಗಾವಿಯನ್ನೇ ಇನ್ನೊಮ್ಮೆ ಬರೆದು ನೋಡಿದೆ. ಹೋಗುವ ಊರೂ ಬದಲಿ ಊರೂ ಒಂದೇ ಆಗಕೂಡದು ಎಂದಿತು ಸಾಫ್ಟ್‌ವೇರ್. ಅವ್ವನಿಗೆ ಹೇಳದೆ ತುಂಬಿಸಿಬಿಡೋಣ ಎಂದರೆ ನಂದಾ ಒಪ್ಪಳು. ಅವ್ವ ದಿನಾ ಅವಳ ಮುಖ ನೋಡಿ, "ಬರದಿಲ್ಲ ಹೌದಲ್ಲೋ?" ಎಂದು ಕೇಳುತ್ತಿದ್ದಳು, ಅವಳಿಗೆ ಅವ್ವನ ಮುಂದೆ ಸುಳ್ಳು ಬರುತ್ತಿರಲಿಲ್ಲ. ಅಪ್ಪನ ಬಳಿ ದೂರು ಒಯ್ದರೆ, "ಅದು ನಿಮ್ಮ ನಿಮ್ಮದು. ನನಗ ಕಾಗದ ಬೇಕು," ಎಂದು ಪತ್ರಿಕೆಯ ಹಿಂದೆ ಹೋದ. ನಂದಾ ಒಮ್ಮೆ ಅವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಆ ಖಾನೆ ನೋಡಿಯೇ ಅದು ಮೀಸಲು ಎಣ್ಣೆ ಲೆಕ್ಕ ಹಾಕುತ್ತದೆ, ಖಾನೆ ಖಾಲಿ ಇದ್ದರೆ ಎಣ್ಣೆ ಕಡಿಮೆ ಬೀಳುತ್ತದೆ ಎಂದು.

"ಬೀಳ್ತದ ಅನ್ನೋ ಮಾತು ಈ ಮನ್ಯಾಗ ಬ್ಯಾಡ," ಎಂದು ಅವ್ವ ಎದ್ದುಹೋದಳು.

ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು. ಹಾಗಾಗಿ ಮೂರನೆಯದನ್ನು ಹುಡುಕಿದೆ. ಯುರೋಪಿನ ಯಾವುದೋ ಊರಿನ ಒಬ್ಬ ಸಜ್ಜನ ಬಿಡುವಿನ ವೇಳೆಯಲ್ಲಿ ಮಾಡಿ ಪುಕ್ಕಟೆ ಹಂಚಿದ್ದ ಸಾಫ್ಟ್‌ವೇರ್ ಅದು. ಅಂಥ ಸಭ್ಯ ಸಾಫ್ಟ್‌ವೇರನ್ನು ನಾನು ಕಂಡಿಲ್ಲ. ಏನು ತುಂಬಿಸಿದರೂ ಒಪ್ಪುತ್ತಿತ್ತು, ತುಂಬಿಸದಿದ್ದರೂ ಒಪ್ಪುತ್ತಿತ್ತು. ಬದಲಿ ಊರಿನ ಖಾನೆ ಖಾಲಿ ಬಿಟ್ಟೆ. ಅದು ಕೆಂಪಗಾಗಲಿಲ್ಲ, ಕೆಮ್ಮಲೂ ಇಲ್ಲ. ಮೀಸಲು ಎಣ್ಣೆಯ ಜಾಗದಲ್ಲಿ ಸದ್ದಿಲ್ಲದೆ ಸೊನ್ನೆ ಹಾಕಿ ಮುಂದೆ ಹೋಯಿತು. ಬೆಳಗಾವಿಯಲ್ಲೇ ಇಳಿಯುತ್ತೇನಲ್ಲ ಎಂದು ನಂದಾ ಆ ಸೊನ್ನೆಯನ್ನು ಹಾಗೆಯೇ ಬಿಟ್ಟಳು. ನಕಾಶೆ ಚೆನ್ನಾಗಿದೆಯೇ, ಲೆಕ್ಕ ಸರಿಯಿದೆಯೇ ಎಂದು ಜನ ಸಾಫ್ಟ್‌ವೇರ್ ಆರಿಸುತ್ತಾರೆ. ನಾವು ಆರಿಸಿದ್ದು ಅವ್ವನಿಗೆ ಅಪಶಕುನ ಆಗದಿರುವುದನ್ನು. ಅವ್ವ ಬಂದು ಖಾಲಿ ಖಾನೆ ನೋಡಿ, "ಇದು ಶಾಣ್ಯಾ ಅದ ನೋಡು," ಎಂದಳು.

ಕ್ಲಾಸಿನ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ ತಂದುಕೊಟ್ಟರೆ ಅಪ್ಪ ಮೊದಲ ಸಾಲಿಗೇ ಕನ್ನಡಕ ಏರಿಸಿದ. "ಮೂರೂವರಿಗೆ ಹೊಂಡತೀರೇನು? ಕೋಳಿ ಸೈತ ಎದ್ದಿರಂಗಿಲ್ಲ."

"ಅದು ಗ್ರೀನಿಚ್ ಟೈಮ್ ಅಪ್ಪಾ. ವಿಮಾನದವರೆಲ್ಲ ಅದನ್ನ ಬರೀತಾರ. ನಮ್ಮದು ಒಂಬತ್ತು."

"ನಾವು ಖಡಕ್ಯಾಗ ಇದ್ದೀವಿ. ನಮ್ಮ ಗಡಿಯಾರದಾಗ ಬರಿ."

ಪ್ರತಿ ಸಾಲಿಗೂ ಐದೂವರೆ ಗಂಟೆ ಕೂಡಿಸಿ ಪೆನ್ನಿನಲ್ಲಿ ತಿದ್ದಿಕೊಟ್ಟೆ. ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಪುಣೆಯಲ್ಲಿ ಜಿಟಿಜಿಟಿ ಮಳೆ. ಅವ್ವ ಕಾಲುಚೀಲಗಳನ್ನೆಲ್ಲ ತೆಗೆದು, ಮಾನಿಟರನ್ನು ಒರೆಸಿ ಕುಂಕುಮ ಹಚ್ಚಿದಳು. ನಂದಾಳ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ನಂದಾ ಅದನ್ನು ನೆಕ್ಕಿ, "ಬರ್ತೀನಿ," ಎಂದು ಮಾರು ದೂರದ ಕುರ್ಚಿಗೆ ಹೋಗಿ ಕೂತಳು. ಫೋನಿನ ತಂತಿ ಜೋಡಿಸಿ ಹವಾಮಾನ ಇಳಿಸಿಕೊಂಡೆವು. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡ. ತುಂಬಿದ್ದ ಟ್ಯಾಂಕಿನ ಎಣ್ಣೆಯನ್ನು ಕಾಗದದಲ್ಲಿ ಬರೆದಷ್ಟಕ್ಕೆ ಇಳಿಸುವವರೆಗೆ ಅವನು ಕಣ್ಣು ಮಿಟುಕಿಸಲಿಲ್ಲ.

ಅವಳು ಸರಿಯಾಗಿ ಒಂಬತ್ತಕ್ಕೆ ವಿಮಾನವನ್ನು ನೆಲದಿಂದ ಎಬ್ಬಿಸಿದಳು. ನೋಡಲು ಏನೂ ಇರಲಿಲ್ಲ, ಬರೀ ಬಿಳಿ ಮೋಡ. ಪರದೆಯ ಮೀಟರುಗಳ ಮುಳ್ಳುಗಳು ಮಾತ್ರ ಅಲ್ಲಾಡುತ್ತಿದ್ದವು. ಅವ್ವ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಸಾತಾರಾ ಬಂತು, ಅಪ್ಪ ಗುರುತು ಹಾಕಿದ. ಕರಾಡ ಬಂತು, ಗುರುತು ಹಾಕಿದ. ಕೊಲ್ಹಾಪುರಕ್ಕೆ ಬಂದಾಗ, "ಟೈಮಿಗೆ ಅದ," ಎಂದು ತನಗೆ ತಾನೇ ಅಂದುಕೊಂಡ. ನಾನು ಅವನ ಮುಖ ನೋಡಿದೆ. ಆ ಮುಖದಲ್ಲಿ ಹೆಮ್ಮೆಯಿತ್ತು, ನನಗೆ ಖುಷಿಯಾಯಿತು. ಸಹಿ ಬಿತ್ತು ಎಂದೇ ಅಂದುಕೊಂಡೆ.

ಬೆಳಗಾವಿಯ ಮೇಲೆ ಮೋಡ ನೆಲಕ್ಕೆ ಕೂತಿತ್ತು. ಮುಳ್ಳು ಹೇಳುವ ಪ್ರಕಾರ ನಿಲ್ದಾಣ ನಮ್ಮ ಕಾಲಡಿಯಲ್ಲೇ ಇತ್ತು, ಕಣ್ಣಿಗೆ ಏನೂ ಕಾಣದು. ಅವಳು ಇಳಿಯಬಹುದಾದಷ್ಟು ಇಳಿದಳು. ಕಾಣಲಿಲ್ಲ. ಮೇಲೆ ಎದ್ದಳು. ಸುತ್ತು ಹಾಕಿ ಮತ್ತೆ ಇಳಿದಳು. ಒಂದು ಗಳಿಗೆ ದೀಪಗಳ ಸಾಲು ಕಂಡಿತು, ಬಹಳ ಬಲಕ್ಕೆ, ಬಹಳ ತಡವಾಗಿ. ಹಟಕ್ಕೆ ಬಿದ್ದು ವಿಮಾನವನ್ನು ಅತ್ತ ತಿರುಚಬಹುದಿತ್ತು. ಅವಳು ತಿರುಚಲಿಲ್ಲ, ಮತ್ತೆ ಮೇಲೆ ಎದ್ದಳು. ಎಣ್ಣೆಯ ಮುಳ್ಳು ತಳ ಮುಟ್ಟುತ್ತಿತ್ತು.

"ಹುಬ್ಬಳ್ಳಿಗೆ ತಿರಗಸತೀನಿ," ಎಂದಳು.

"ಅದು ಕಾಗದದಾಗ ಇಲ್ಲ," ಎಂದ ಅಪ್ಪ.

"ಗೊತ್ತದ್ರಿ ಅಪ್ಪಾ."

ಧಾರವಾಡ ಇನ್ನೂ ಮುಂದಿರುವಾಗಲೇ ಎಂಜಿನ್ ಕೆಮ್ಮಿ ನಿಂತಿತು. ಸ್ಪೀಕರಿನ ಗುಂಯ್ ಅನ್ನುವ ಸದ್ದು ಹೋದ ಮೇಲೆ ಹೊರಗಿನ ಮಳೆ ಕೇಳಿಸತೊಡಗಿತು. ನಂದಾ ಜಾಯ್‌ಸ್ಟಿಕ್ಕಿನ ಕೋಲು ಬಿಡಲಿಲ್ಲ. ವಿಮಾನದ ಮೂಗು ಸಮ ಹಿಡಿದು, ಬಯಲು ಹುಡುಕುತ್ತ ಇಳಿಸಿದಳು. ಮೋಡದಿಂದ ಹೊರಬಿದ್ದಾಗ ಹಸಿರು ಎದುರಿಗೇ ಇತ್ತು, ಬಹಳ ಹತ್ತಿರ. ಪರದೆ ಒಂದು ಸಲ ನಡುಗಿ ನಿಂತುಹೋಯಿತು. ಮರುಗಳಿಗೆಯಲ್ಲೇ ಸಿಮ್ಯುಲೇಟರು ಏನೂ ಆಗಿಲ್ಲವೆಂಬಂತೆ ಅವಳನ್ನು ಪುಣೆಯ ರನ್‌ವೇ ಮೇಲೆ, ತುಂಬಿದ ಟ್ಯಾಂಕಿನೊಡನೆ ಮತ್ತೆ ನಿಲ್ಲಿಸಿತು. ಆ ಪೆಟ್ಟಿಗೆಯನ್ನು ಎತ್ತಿ ಮುಳಾ ನದಿಗೆ ಎಸೆಯಬೇಕೆನಿಸಿತು.

"ಅಪ್ಪಾ, ಇದು ಯಾಕಾತು ಅಂದ್ರ..." ಎಂದು ನಾನು ಬಾಯಿ ತೆರೆದೆ. ಬಾಗಿಲಲ್ಲಿ ಅವ್ವ ಎದ್ದು ನಿಂತಿದ್ದಳು, ಕೈಯಲ್ಲಿ ಮೆಂತ್ಯದ ಕಡ್ಡಿಗಳು.

"ಅಕ್ಕಾ, ಸುಮ್ನಿರು," ಎಂದಳು ನಂದಾ. "ಯೋಜನಾ ನಂದು. ಎಣ್ಣಿ ಕಡಿಮಿ ಬರದಾಕಿ ನಾನು."

ಅಪ್ಪ ಗಡಿಯಾರ ಕಟ್ಟಿಕೊಂಡು, ಕೊಡೆ ತೆಗೆದುಕೊಂಡು ಹೊರಗೆ ಹೋದ. ಅವ್ವ ಒಳಗೆ ಹೋದಳು. ಆ ಮಧ್ಯಾಹ್ನದ ಮೆಂತ್ಯದ ಪಲ್ಯಕ್ಕೆ ಉಪ್ಪೇ ಇರಲಿಲ್ಲ, ಯಾರೂ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ನನ್ನೊಬ್ಬಳದೇ ಗದ್ದಲ. ಪಾತ್ರೆ ಕುಕ್ಕುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ. ಅವ್ವನ ಮೇಲೆ ಸಿಟ್ಟು, ಅಪ್ಪನ ಇಂಡೆಂಟಿನ ಮೇಲೆ ಸಿಟ್ಟು, ಯಾರಿಗೂ ಇಲ್ಲ ಎನ್ನಲಾರದ ಆ ಯುರೋಪಿನ ಸಜ್ಜನನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಬೇಡ ಎಂದು ಕೆಂಪಗಾಗಿ ಕೂತಿದ್ದ ಎರಡನೆಯದೇ ನಮ್ಮ ಹಿತ ಬಯಸಿತ್ತು, ಅದನ್ನು ನಾವು ಅಳಿಸಿಹಾಕಿದ್ದೆವು. ನಂದಾ ಕಂಪ್ಯೂಟರಿಗೆ ಹಳೆ ಸೀರೆಯ ತುಂಡು ಹೊದಿಸಿಟ್ಟು ಬಿ.ಎಡ್. ಕಾಲೇಜಿನ ವೇಳೆ ವಿಚಾರಿಸಿಕೊಂಡು ಬಂದಳು. ಅವಳು ಅಳದೆ ಓಡಾಡುವುದನ್ನು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ.

ಅರ್ಜಿ ಕಳಿಸಲು ಇನ್ನು ಒಂದೇ ದಿನ ಉಳಿದಿತ್ತು. ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವ್ವ ರೊಟ್ಟಿ ಬಡಿಸುತ್ತ ನಂದಾಳ ಮುಂದೆ ನಿಂತಳು.

"ಆ ಖಾಲಿ ಜಾಗಾದಾಗ ಹುಬ್ಬಳ್ಳಿ ಬರದಿದ್ರ ಎಣ್ಣಿ ಸಾಲತಿತ್ತೇನು?"

ನಂದಾ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸಾಲತಿತ್ತು."

"ಇಳೀತಿದ್ದೇನು?"

"ಇಳೀತಿದ್ದೆ."

ಅವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು. "ಕೇಳಿದ್ರಿಲ್ಲೋ? ಅದನ್ನ ಖಾಲಿ ಇಡಿಸಿದಾಕಿ ನಾನು. ಅಕಿ ಬೀಳೋ ಮುಂದ ಸೈತ ನನ್ನ ಹೆಸರ ತಗೀಲಿಲ್ಲ."

"ಗೊತ್ತದ," ಎಂದ ಅಪ್ಪ. "ನಾ ಅಲ್ಲೇ ಕುಂತಿದ್ದೆ."

"ಹಂಗಿದ್ರ ಸಹಿ ಮಾಡ್ರಿ."

"ಮಾಡಾಕ ಬರಂಗಿಲ್ಲ. ಬರದಂಗ ಇಳದ್ರ ಅಂತ ಹೇಳಿದ್ದೆ. ಇಳೀಲಿಲ್ಲ. ಹೇಳಿದ ಮಾತು ನಾನ ಮುರದ್ರ ಹೆಂಗ?"

ನನಗೆ ತಡೆಯಲಾಗಲಿಲ್ಲ. "ಇದು ನಿಮ್ಮ ಸ್ಟೋರಲ್ಲ ಅಪ್ಪಾ, ಅಕಿ ನಿಮ್ಮ ಮಗಳು!" ಎಂದು ಕೂಗಿದೆ. ಅವನು ರೊಟ್ಟಿ ಮುರಿದ, ಬಾಯಿಗೆ ಒಯ್ಯಲಿಲ್ಲ. ಹೇಳಿದ ಮಾತಿಗೆ ಅವನೂ ಸಿಕ್ಕಿಕೊಂಡಿದ್ದ ಎಂದು ಆಗ ನನಗೆ ಕಂಡಿತು. ಕಂಡರೂ ಸಿಟ್ಟು ಇಳಿಯಲಿಲ್ಲ.

"ಆ ಕಾಗದದಾಗ ತಂದಿ ಇಲ್ಲಾ ತಾಯಿ ಅಂತ ಅದ ಅಲಾ?" ಅವ್ವ ನನ್ನನ್ನು ಕೇಳಿದಳು.

"ಅದ."

"ತೊಗೊಂಡು ಬಾ."

ಅವ್ವ ಹಿಟ್ಟಿನ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ನಾನು ಅರ್ಜಿ ತಂದು ಸಹಿಯ ಜಾಗ ತೋರಿಸಿದೆ. ಪೆನ್ನು ಹಿಡಿದು ಅವಳು ನಂದಾಳತ್ತ ನೋಡಿದಳು.

"ಇನ್ನ ಮ್ಯಾಲ ಹೊಂಡೋ ಮುಂದ, ಇಳಿಯಾಕ ಆಗಲಿಲ್ಲಂದ್ರ ಎಲ್ಲಿಗೆ ಹೋಗ್ತೀ ಅನ್ನೋದು ಮೊದಲ ನನಗ ಹೇಳಬೇಕು. ಹೇಳದ ಹೊಂಟ್ರ ನೋಡು."

ಅಷ್ಟು ದಿನ ಅಳದಿದ್ದ ನಂದಾ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

ಅವ್ವ ಸಹಿ ಮಾಡಿದ್ದನ್ನು ನಾನು ಹೆಚ್ಚು ಸಲ ನೋಡಿದವಳಲ್ಲ. ಇಂಗ್ಲಿಷಿನ ಆ ಅರ್ಜಿಯ ಕೆಳಗೆ ದುಂಡನೆಯ ಕನ್ನಡ ಅಕ್ಷರಗಳಲ್ಲಿ, ಉಸಿರು ಬಿಗಿಹಿಡಿದು, ಗಂಗಾಬಾಯಿ ಎಂದು ಬರೆದಳು. ಅಪ್ಪ ಕೈ ಚಾಚಿ ಕಾಗದ ತೆಗೆದುಕೊಂಡ. ಹರಿದುಬಿಟ್ಟಾನೆಂದು ನಾನು ಅರ್ಧ ಎದ್ದೆ. ಅವನು ಕನ್ನಡಕ ಏರಿಸಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ. ಆಮೇಲೆ ಕಾಗದವನ್ನು ಮತ್ತೆ ಅವ್ವನ ಮುಂದಿಟ್ಟು, ಸಹಿಯ ಪಕ್ಕದಲ್ಲಿ ಬೆರಳೂರಿದ.

"ತಾರೀಖು ಹಾಕಿಲ್ಲ ನೀ. ತಾರೀಖಿಲ್ಲದ ಸಹಿ ನಡಿಯಂಗಿಲ್ಲ. ಹಾಕು."